ಬೀಗಿತ್ತಿಗೆ ಹೊಸ ಸೂಜಿ

ಬುರುಲ್‌ಳ ಕೈಬೆರಳು ನೋಡಿದವರು ಅವಳನ್ನು ಹಲ್ಲಿನ ಡಾಕ್ಟರು ಎಂದು ಊಹಿಸಲಾರರು. ಗೆಣ್ಣುಗಳು ದಪ್ಪ, ಹೆಬ್ಬೆರಳು ಅಗಲ, ತೋರುಬೆರಳಿನ ಪಕ್ಕದಲ್ಲಿ ಜಡ್ಡುಗಟ್ಟಿದ ಒಂದು ಗೆರೆ. ಅಪ್ಪ ಸಾಮೂಹಿಕ ಫಾರ್ಮಿನಲ್ಲಿ ಕುರಿಗಳ ಉಣ್ಣೆ ಕತ್ತರಿಸುತ್ತಿದ್ದ. ಹೈಸ್ಕೂಲು ಮುಗಿಯುವವರೆಗೆ ಪ್ರತಿ ಬೇಸಿಗೆಯಲ್ಲೂ ಅವಳೂ ಅವನ ಪಕ್ಕದಲ್ಲಿ ಕತ್ತರಿ ಹಿಡಿದು ಕೂತವಳೇ. ಕತ್ತರಿ ಕುರಿಯ ಚರ್ಮದ ಹತ್ತಿರ ಬಂದದ್ದು ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗಬೇಕು ಎಂದು ಅಪ್ಪ ಹೇಳುತ್ತಿದ್ದ. ಆ ಮಾತು ಮುಂದೆ ಕುರಿಗಳಿಗಿಂತ ಮನುಷ್ಯರ ಬಾಯಿಯಲ್ಲೇ ಅವಳಿಗೆ ಹೆಚ್ಚು ಉಪಯೋಗಕ್ಕೆ ಬಂತು.

ಬಿಷ್ಕೆಕ್‌ಗೆ ಆಗಿನ್ನೂ ಫ್ರೂಂಜೆ ಎಂದು ಹೆಸರು. ಅಲ್ಲಿನ ದಂತವೈದ್ಯ ವಿಭಾಗದಲ್ಲಿ ಅವಳಿಗೆ ಹಲ್ಲಿನ ಬೇರಿನ ಕೆಲಸ ಕಲಿಸಿದವಳು ಎಮ್ಮಾ ಕಾರ್ಲೊವ್ನಾ ಎಂಬ ಜರ್ಮನ್ ಮೂಲದ ಹೆಂಗಸು. ಸಿಡುಕಿ, ಆದರೆ ಕೈ ಬಹಳ ಮೃದು. ರೂಟ್ ಕೆನಾಲ್ ಮಾಡುವ ಉಕ್ಕಿನ ಕಡ್ಡಿಯನ್ನು ಅವಳು ಮುಂದೆ ಸೊಸೆಯಾಗಿ ಹೋದ ಕೊಚ್ಕೋರಿನ ಜನ ಸೂಜಿ ಎನ್ನುತ್ತಾರೆ. ಅದು ಸೂಜಿಯಲ್ಲ, ಉಜ್ಜಿ ಸವೆಸುವ ಅರ. ಕೂದಲೆಳೆಯಂಥ ತಂತಿಯನ್ನು ಹಗ್ಗದ ಹಾಗೆ ಹೊಸೆದು, ತಲೆಗೊಂದು ಬಣ್ಣದ ಹಿಡಿ ಕೂರಿಸಿರುತ್ತಾರೆ. ಬೂದು ಹಿಡಿಯದು ಬಹಳ ತೆಳು. ಆಮೇಲೆ ನೇರಳೆ, ಬಿಳಿ, ಹಳದಿ, ಕೆಂಪು, ನೀಲಿ ಎಂದು ದಪ್ಪವಾಗುತ್ತ ಹೋಗುತ್ತದೆ. ಸತ್ತ ನರವನ್ನು ಮುಳ್ಳುಕಡ್ಡಿಯಿಂದ ಎಳೆದು ತೆಗೆದ ಮೇಲೆ ಈ ಅರಗಳನ್ನು ಒಂದೊಂದಾಗಿ ಬೇರಿನೊಳಗೆ ಇಳಿಸಬೇಕು. ಕಾಲು ಸುತ್ತು ತಿರುಗಿಸಿ, ಹೊರಗೆಳೆದು, ಒರೆಸಿ, ಮತ್ತೆ ಇಳಿಸಬೇಕು. ಆತುರಪಟ್ಟು ಪೂರ್ತಿ ಸುತ್ತು ತಿರುಗಿಸಿದರೆ ಅರ ಒಳಗೇ ಮುರಿಯುತ್ತದೆ. ಹಳತಾದ ಅರವೂ ಮುರಿಯುತ್ತದೆ. ಅದಕ್ಕೊಂದು ಗುರುತುಂಟು: ಹೊಸೆತ ಸಡಿಲವಾದ ಕಡೆ ದೀಪದ ಬೆಳಕಿಗೆ ಹಿಡಿದರೆ ಚುಕ್ಕೆಯಷ್ಟು ಹೊಳಪು ಕಾಣುತ್ತದೆ. ಹೊಳಪು ಕಂಡ ಅರವನ್ನು ಎಸೆಯಬೇಕು.

"ಎಸೆಯೋ ಮೊದಲೇ ಮುರಿದು ಹೋದ್ರೆ?" ಎಂದು ಬುರುಲ್ ಒಮ್ಮೆ ಕೇಳಿದ್ದಳು.

"ಮುಖ ಬದಲಾಯಿಸ್ಬೇಡ," ಎಂದಳು ಎಮ್ಮಾ ಕಾರ್ಲೊವ್ನಾ. "ಹಲ್ಲು ಗಟ್ಟಿಯಾಗ್ಲಿ ಅಂತ ಬೆಳ್ಳಿ ಕಡ್ಡಿ ಇಟ್ಟಿದ್ದೀನಿ ಅನ್ನು. ಥ್ಯಾಂಕ್ಸ್ ಹೇಳಿ ಹೋಗ್ತಾರೆ."

ಆ ಕಾಲದಲ್ಲಿ ಬೇರಿನೊಳಗೆ ನಿಜವಾಗಿಯೂ ಬೆಳ್ಳಿ ಕಡ್ಡಿ ಇಡುತ್ತಿದ್ದರು. ಹಾಗಾಗಿ ಸುಳ್ಳು ಸಲೀಸಾಗಿ ನಡೆಯುತ್ತಿತ್ತು. ಒಬ್ಬ ಅಂಚೆಯವನ ಹಲ್ಲಿನಲ್ಲಿ ಅರ ಮುರಿದಾಗ ಬುರುಲ್ ಅವನಿಗೆ ಹಾಗೆಂದಳು. ಅವನು ಕೃತಜ್ಞತೆಯಿಂದ ಕುರಿಯ ಒಂದು ತೊಡೆ ತಂದುಕೊಟ್ಟ. ಆ ಮಾಂಸವನ್ನು ಅವಳು ತಿಂದಳು, ಆದರೆ ರುಚಿ ಹತ್ತಲಿಲ್ಲ.

ಮದುವೆಯಾಗಿ ಬಂದದ್ದು ಕೊಚ್ಕೋರಿಗೆ. ಗಂಡ ಎಸೆನ್ ಲಾರಿ ಓಡಿಸುವವನು. ಮನೆಯ ಮಾತುಕತೆಯಲ್ಲಿ ಅವನ ಪಾಲು ಮೊದಲಿನಿಂದಲೂ ಕಡಿಮೆ. ಮನೆ ನಡೆಸುತ್ತಿದ್ದವಳು ಅತ್ತೆ ಗುಲ್ಸುನ್. ಎಲ್ಲರಿಗೂ ಅವಳು ಅಪಾ, ಅಂದರೆ ಅಮ್ಮ. ಉಣ್ಣೆ ಬಡಿದು ದಪ್ಪ ಹಾಸು ಮಾಡುವುದರಲ್ಲಿ ಅವಳದು ಪಳಗಿದ ಕೈ. ನಾಲಿಗೆಯೂ ಪಳಗಿದ್ದೇ.

ಸೊಸೆ ಬಂದ ಹೊಸತು. ಕೋಣೆಯಲ್ಲಿ ಗಾಜಿನ ಬೀರು. ಅದರಲ್ಲಿ ನೀಲಿ ಬಣ್ಣದ, ಚಿನ್ನದ ಅಂಚಿನ ಪಿಂಗಾಣಿ ಬಟ್ಟಲುಗಳು. ಬುರುಲ್ ಅದರಲ್ಲೊಂದನ್ನು ತೆಗೆದು ತನಗೆ ಟೀ ಬಗ್ಗಿಸಿಕೊಂಡಳು. ಅಪಾ ಆ ಬಟ್ಟಲನ್ನು ಅವಳ ಕೈಯಿಂದ ತೆಗೆದುಕೊಂಡು, ಅಂಚು ಒಡೆದ ಇನ್ನೊಂದಕ್ಕೆ ಟೀ ಸುರಿದು ಕೊಟ್ಟಳು.

"ಅದು ಬಂದವರಿಗೆ," ಎಂದಳು. "ನೀನು ಬಂದವಳಲ್ಲ, ನಮ್ಮವಳು. ನಮ್ಮೋರಿಗೆ ಯಾವುದಾದ್ರೂ ನಡೆಯತ್ತೆ."

ಬುರುಲ್‌ಗೆ ಅವಮಾನವೂ ಆಯಿತು, ಒಳಗೊಳಗೇ ಸಮಾಧಾನವೂ ಆಯಿತು. ಒಡೆದ ಬಟ್ಟಲು ಅವಳ ಕೈಗೆ ಒಗ್ಗಿಹೋಯಿತು. ಆ ಮನೆಯಲ್ಲಿ ಹೊಸ ಹಾಸಿಗೆ, ಹೊಸ ಟವೆಲು, ಒಳ್ಳೆಯ ಜಾಮು, ಎಲ್ಲವೂ ಬರುವವರಿಗಾಗಿ ಕಾದಿರುತ್ತಿದ್ದವು. ಇದರಲ್ಲಿ ವಿಶೇಷವೇನಿಲ್ಲ, ಆ ಬೀದಿಯ ಎಲ್ಲ ಮನೆಗಳಲ್ಲೂ ಹಾಗೆಯೇ.

ಸೋವಿಯತ್ ಒಕ್ಕೂಟ ಒಡೆದ ಮೇಲಿನ ವರ್ಷಗಳಲ್ಲಿ ಎಸೆಯಲು ಯಾರ ಬಳಿಯೂ ಏನೂ ಇರಲಿಲ್ಲ. ಆಸ್ಪತ್ರೆಗೆ ಸಾಮಾನು ಬರುವುದು ನಿಂತಿತು. ಬುರುಲ್ ಮನೆಯ ಮುಂದಿನ ಕೋಣೆಯಲ್ಲೇ ಕುರ್ಚಿ ಹಾಕಿಕೊಂಡಳು. ಅರಗಳನ್ನು ಕುದಿಸಿ, ಒಲೆಯಲ್ಲಿ ಕಾಯಿಸಿ, ತುದಿ ಹೋದದ್ದನ್ನು ಸಾಣೆಕಲ್ಲಿಗೆ ಉಜ್ಜಿ ಬಳಸಿದಳು. ಹೊಳಪು ಕಂಡರೂ ಕಾಣದವಳಂತೆ ಇರುವುದನ್ನು ಕಲಿತಳು. ಅಪಾ ಅವಳಿಗಾಗಿ ಉಣ್ಣೆಯ ಹಾಸಿನಲ್ಲಿ ಸುರುಳಿ ಸುತ್ತುವ ಒಂದು ಚೀಲ ಹೊಲಿದಳು. ಪ್ರತಿ ಅರಕ್ಕೂ ಒಂದು ಕಿಸೆ. ಹಿಡಿಯ ಬಣ್ಣ ಯಾವುದೋ ಕಿಸೆಯ ಅಂಚಿಗೂ ಅದೇ ಬಣ್ಣದ ನೂಲು. ಅಕ್ಷರ ಕಲಿಯದ ಅಪಾ ಬೂದು, ನೇರಳೆ, ಬಿಳಿ, ಹಳದಿಯ ಕ್ರಮವನ್ನು ಒಂದೇ ಸಲ ಕೇಳಿ ನೆನಪಿಟ್ಟುಕೊಂಡಿದ್ದಳು.

ಕಾಲ ಸುಧಾರಿಸಿದ ಮೇಲೂ ಬುರುಲ್‌ಳ ಕೈ ಸುಧಾರಿಸಲಿಲ್ಲ. ಹಿಂದೆ ಅವಳ ಬಳಿ ಕೆಲಸ ಕಲಿತು ಬಿಷ್ಕೆಕ್ ಸೇರಿದ್ದ ಶಿಷ್ಯೆಯೊಬ್ಬಳು ಒಳ್ಳೆಯ ಅರಗಳ ಎರಡು ಪೊಟ್ಟಣ ಕಳಿಸಿದಳು. ಬುರುಲ್ ಅವನ್ನು ಒಡೆಯದೆ ಅಪಾ ಹೊಲಿದ ಚೀಲದಲ್ಲಿ ಸುತ್ತಿ ಗಾಜಿನ ಬೀರುವಿನಲ್ಲಿ, ನೀಲಿ ಬಟ್ಟಲುಗಳ ಪಕ್ಕದಲ್ಲಿ ಇಟ್ಟಳು. ದಿನದ ಕೆಲಸ ಹಳೆಯ ಅರಗಳಲ್ಲೇ ನಡೆಯಿತು.

ಮಗಳು ಜಾಂಗಿಲ್‌ಗೆ ಸರೋವರದ ದಂಡೆಯ ಬಾಲಿಕ್ಚಿಯಲ್ಲಿ ಗಂಡು ಗೊತ್ತಾಯಿತು. ಹುಡುಗಿಯನ್ನು ಕಳಿಸಿಕೊಡುವ ದಿನದ ಮಾತಿಗೆಂದು ಹುಡುಗನ ತಾಯಿ ಬಾತ್ಮಾ ಒಣಮೀನಿನ ಗಂಟು ಹೊತ್ತು ಬಂದಳು. ಊಟದ ನಡುವೆ ಬಾಳೆಹಣ್ಣಿನಷ್ಟು ಮೆತ್ತಗಿದ್ದ ಮಾಂಸವನ್ನೂ ಬಿಟ್ಟು ದವಡೆ ಹಿಡಿದುಕೊಂಡಳು.

"ಬೀಗಿತ್ತೀ, ಏನಾಯ್ತು?" ಎಂದಳು ಅಪಾ.

"ಏನಿಲ್ಲ, ಏನಿಲ್ಲ," ಎಂದ ಬಾತ್ಮಾಳ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

ಬುರುಲ್ ಅವಳನ್ನು ಮುಂದಿನ ಕೋಣೆಗೆ ಕರೆದೊಯ್ದಳು. ಬೀರು ತೆರೆದು ಹೊಸ ಪೊಟ್ಟಣ ತಂದು ಬೀಗಿತ್ತಿಯ ಕಣ್ಣೆದುರೇ, ಸದ್ದು ಕೇಳುವ ಹಾಗೆ ಹರಿದಳು. ಕೆಲಸ ಚೆನ್ನಾಗಿ ಆಯಿತು. ಬಾತ್ಮಾ ನೋವಿಲ್ಲದೆ ಊರಿಗೆ ಹೋದಳು. ಆ ಅರಗಳನ್ನು ಬುರುಲ್ ದಿನದ ಡಬ್ಬಿಗೆ ಸೇರಿಸಲಿಲ್ಲ. ತೊಳೆದು, ಕಾಯಿಸಿ, ಬೀಗರ ಕಡೆಯವರು ಇನ್ಯಾರಾದರೂ ಬಂದಾರೆಂದು ಬೀರುವಿಗೇ ಮರಳಿಸಿದಳು.

ಜಾಂಗಿಲ್ ಗಂಡನ ಮನೆಗೆ ಹೊರಡುವುದು ಶನಿವಾರವೆಂದಾಯಿತು. ಅದೇ ವಾರದ ಮೊದಲಲ್ಲಿ ಅಪಾಳ ಮೇಲ್ದುಟಿ ಊದಿಕೊಂಡಿತು.

ಮೇಲಿನ ಮುಂದಿನ ಹಲ್ಲು. ಹಿಂದೆಂದೋ ಹೆಣ್ಣು ಕುದುರೆಯ ಹಾಲು ಕರೆಯುವಾಗ ಅದು ತಲೆ ಬೀಸಿ ಹೊಡೆದು ಆ ಹಲ್ಲಿನ ನರ ಸತ್ತಿತ್ತು. ಹಲ್ಲು ಮಬ್ಬಾಗಿತ್ತೇ ಹೊರತು ತೊಂದರೆ ಕೊಟ್ಟಿರಲಿಲ್ಲ. ಈಗ ಬೇರಿನ ತುದಿಯಲ್ಲಿ ಕೀವು ಕಟ್ಟಿತ್ತು.

ಹಿಂದಿನ ಹಲ್ಲುಗಳು ಹೋದಾಗ ಅಪಾ ತಲೆಕೆಡಿಸಿಕೊಂಡವಳಲ್ಲ. ಒಂದೆರಡಕ್ಕೆ ಚಿನ್ನ ಹಾಕಿಸಿ ನಕ್ಕಿದ್ದಳು. ಈ ಹಲ್ಲಿನ ಮಾತು ಬೇರೆ. ಅವಳು ತೆಮಿರ್ ಕೊಮುಜ್ ನುಡಿಸುತ್ತಿದ್ದಳು. ನಮ್ಮ ಮೋರ್ಚಿಂಗ್‌ನಂಥದೇ ಆ ವಾದ್ಯ; ಕಬ್ಬಿಣದ ಚೌಕಟ್ಟನ್ನು ಮುಂದಿನ ಹಲ್ಲುಗಳಿಗೆ ಆನಿಸಿ ನಡುವಿನ ನಾಲಿಗೆಯನ್ನು ಬೆರಳಿಂದ ಮೀಟಬೇಕು. ಹಲ್ಲು ಹೋದರೆ ಆಸರೆ ಹೋಗುತ್ತದೆ, ನಾದ ಒಡೆಯುತ್ತದೆ. ಆ ಮನೆಯಿಂದ ಹೊರಟ ಪ್ರತಿ ಹೆಣ್ಣುಮಗಳೂ, ಅಪಾಳ ನಾದಿನಿಯರು, ಅವಳ ಸ್ವಂತ ಮಗಳು, ಎಲ್ಲರೂ ಅವಳು ಬಾಗಿಲಲ್ಲಿ ನಿಂತು ನುಡಿಸಿದ ಮೇಲೆಯೇ ಹೊಸಿಲು ದಾಟಿದ್ದರು. ಜಾಂಗಿಲ್‌ಳನ್ನು ಬೆಳೆಸಿದವಳೇ ಅಪಾ.

"ಅಷ್ಟು ನೋವಾದ್ರೆ ಕಿತ್ತು ಹಾಕಿದ್ರಾಯ್ತಲ್ಲಮ್ಮ," ಎಂದ ಎಸೆನ್.

"ನಿನ್ನ ಲಾರೀದು ಮುಂದಿನ ಚಕ್ರ ಕಿತ್ತು ಹಾಕಿ ಬಾಲಿಕ್ಚಿಗೆ ಹೋಗಿ ಬಾ, ಆಮೇಲೆ ಮಾತಾಡೋಣ," ಎಂದಳು ಅಪಾ ಊದಿದ ತುಟಿಯಲ್ಲೇ.

ಬುರುಲ್ ಹಲ್ಲಿನ ಹಿಂಭಾಗದಲ್ಲಿ ರಂಧ್ರ ಕೊರೆದಳು. ಕೀವು ಇಳಿಯಿತು, ನೋವು ತಗ್ಗಿತು. ಬೇರನ್ನು ಶುಚಿ ಮಾಡುವ ಕೆಲಸವನ್ನು ಬುಧವಾರಕ್ಕೆ ಇಟ್ಟುಕೊಂಡಳು. ಮುದುಕರ ಬೇರಿನ ದಾರಿ ವಯಸ್ಸಾದಂತೆ ಒಳಗಿನಿಂದಲೇ ಕಿರಿದಾಗುತ್ತದೆ. ಅಪಾಳದು ನೂಲು ಹೋಗುವಷ್ಟೇ ಉಳಿದಿತ್ತು. ಬುರುಲ್ ದಿನದ ಡಬ್ಬಿಯಿಂದ ನೇರಳೆ ಹಿಡಿಯ ಅರ ತೆಗೆದು ದೀಪಕ್ಕೆ ಹಿಡಿದಳು. ತುದಿಯ ಹತ್ತಿರ ಹೊಳಪು ಇತ್ತು. ಸಣ್ಣದು, ಆದರೆ ಇತ್ತು. ಹೊಸದು ಬೀರುವಿನಲ್ಲಿದೆ ಎಂಬುದು ಅವಳಿಗೆ ನೆನಪಾಗದೆ ಇರಲಿಲ್ಲ. ಇದೊಂದು ಸಲ ಆಗುತ್ತೆ, ನಮ್ಮ ಅಪಾ ತಾನೆ ಎಂದುಕೊಂಡಳು.

ಕೆಲಸ ಅರ್ಧ ದಾಟಿತ್ತು. ಕಾಲು ಸುತ್ತು, ಎಳೆತ. ಕಾಲು ಸುತ್ತು, ಎಳೆತ. ಆಗ ಬೆರಳಿಗೆ ಒಂದು ಸಣ್ಣ ಮಿಡಿತ ತಾಗಿತು. ಕಿವಿಗೆ ಕೇಳುವಂಥದ್ದಲ್ಲ. ಆ ಕ್ಷಣವೇ ಅರ ಕೈಯಲ್ಲಿ ಹಗುರವಾಯಿತು. ಹೊರಗೆ ಬಂದಾಗ ಅದರ ತುದಿ ಇರಲಿಲ್ಲ.

 ಬುರುಲ್‌ಳ ಮುಖ ಬದಲಾಗಲಿಲ್ಲ. ಅದನ್ನು ಎಮ್ಮಾ ಕಾರ್ಲೊವ್ನಾ ಚೆನ್ನಾಗಿ ಕಲಿಸಿದ್ದಳು.

"ಆಯ್ತೇನೇ?" ಎಂದಳು ಅಪಾ, ಬಾಯಿಂದ ಹತ್ತಿ ತೆಗೆದ ಕೂಡಲೆ.

"ಇವತ್ತಿಗೆ ಸಾಕು ಅಪಾ. ಒಂದು ಫೋಟೋ ತೆಗೀತೀನಿ."

ಎಕ್ಸ್‌ರೇಯಲ್ಲಿ ಬೇರಿನ ತುದಿಯ ಕಡೆ ಬೆಳ್ಳಗಿನ ಒಂದು ಎಳೆ ಸ್ಪಷ್ಟವಾಗಿ ಕಂಡಿತು. ಉಕ್ಕಿನ ಚೂರು ತಾನಾಗಿ ಯಾರಿಗೂ ಕೇಡು ಮಾಡುವುದಿಲ್ಲ. ಆದರೆ ಅದು ದಾರಿಗೆ ಅಡ್ಡ ಕೂತಿತ್ತು. ಅದರ ಆಚೆಗೆ ಕೊಳೆ ಹಾಗೇ ಉಳಿದಿತ್ತು. ಚೂರಿನ ಪಕ್ಕದಿಂದ ದಾಟಲಾಗದಿದ್ದರೆ ಶನಿವಾರದೊಳಗೆ ತುಟಿ ಮತ್ತೆ ಊದುತ್ತದೆ, ಹಲ್ಲು ಕೀಳಬೇಕಾಗುತ್ತದೆ. ಬುರುಲ್ ಪರದೆಯನ್ನು ಆರಿಸಿ ಅಡುಗೆಮನೆಗೆ ಹೋಗಿ ಹಿಟ್ಟು ನಾದತೊಡಗಿದಳು.

ಸಂಜೆ ಟೀಗೆ ಕೂತಾಗ ಬಾತ್ಮಾಳ ಫೋನು ಬಂತು. ಜಾಂಗಿಲ್ ಎಲ್ಲರಿಗೂ ಕೇಳಲೆಂದು ಫೋನನ್ನು ಜೋರು ಮಾಡಿ ಮೇಜಿನ ಮೇಲಿಟ್ಟಳು.

"ಬೀಗಿತ್ತೀ, ಹಲ್ಲು ನೋವಂತೆ? ಏನೂ ಹೆದರ್ಬೇಡಿ," ಎಂದಿತು ಬಾತ್ಮಾಳ ದನಿ. "ನಿಮ್ಮ ಸೊಸೆ ಕೈ ಅಂದ್ರೆ ಕೈ! ನನಗೆ ಹೊಚ್ಚ ಹೊಸ ಸೂಜಿ ತೆಗೆದ್ರು ನೋಡಿ, ನನ್ನ ಮುಂದೇನೇ ಪೊಟ್ಟಣ ಹರಿದ್ರು. ನಮ್ಮೂರಲ್ಲಿ ಯಾರಿಗೆ ಹೇಳಿದ್ರೂ ನಂಬಲ್ಲ."

ಮಾತು ಮುಗಿದು ಫೋನು ಆರಿತು. ಅಪಾ ಬೋರ್ಸೋಕ್ ಎಂಬ ಕರಿದ ಹಿಟ್ಟಿನ ತುಣುಕನ್ನು ಕೆನೆಗೆ ಅದ್ದಿ, ಬಾಯಿಗಿಡದೆ ಕೇಳಿದಳು:

"ನನಗೂ ಅದೇ ತಾನೆ?"

ಬೆಳ್ಳಿ ಕಡ್ಡಿಯ ಮಾತು ಬುರುಲ್‌ಳ ನಾಲಿಗೆ ತುದಿಗೆ ಬಂತು. ಹಲ್ಲು ಗಟ್ಟಿಯಾಗಲಿ ಅಂತ ಒಂದು ಕಡ್ಡಿ ಇಟ್ಟಿದ್ದೀನಿ ಅಪಾ ಎಂದರೆ ಮುಗಿಯಿತು. ಹಲ್ಲು ಹೋದರೆ ವಯಸ್ಸಾಯಿತು ಎನ್ನಬಹುದು. ಎದುರಿಗೆ ಕೂತವಳು ಅಂಚೆಯವನಲ್ಲ, ನಾಳೆಯೂ ನಾಡಿದ್ದೂ ಇದೇ ಮೇಜಿಗೆ ಬರುವವಳು.

"ಇಲ್ಲ ಅಪಾ," ಎಂದಳು. "ನಿಮಗೆ ಹಳೇದು."

"ಸರಿ. ಹಳೇದಾದ್ರೇನು."

"ಅದು ಒಳಗೇ ಮುರೀತು. ಚೂರು ಅಲ್ಲೇ ಇದೆ."

"ಅಮ್ಮಾ!" ಎಂದಳು ಜಾಂಗಿಲ್.

"ನೀನು ಸುಮ್ನಿರು," ಎಂದಳು ಅಪಾ. ಬೋರ್ಸೋಕನ್ನು ತಟ್ಟೆಗೆ ಇಟ್ಟಳು. "ಅಂದ್ರೆ ನನ್ನ ಹಲ್ಲು?"

"ಚೂರಿನ ಪಕ್ಕ ದಾರಿ ಸಿಕ್ಕರೆ ಉಳಿಯತ್ತೆ. ಸಿಗದಿದ್ರೆ ಕೀಳ್ಬೇಕು."

"ಶನಿವಾರಕ್ಕೆ ಮುಂಚೆ."

"ಹೌದು."

ಅಪಾ ಗಾಜಿನ ಬೀರುವಿನ ಕಡೆ ನೋಡಿದಳು. "ಅವಳ ಹಲ್ಲು ಯಾತಕ್ಕಿದೆ? ಮೀನು ಅಗಿಯೋಕೆ. ನಡೂ ರಾತ್ರಿ ಬಿದ್ದೋದ್ರೂ ಬೆಳಿಗ್ಗೆ ಸೂಪು ಕುಡಿದು ಬದುಕ್ತಾಳೆ. ಅವಳಿಗೆ ಹೊಸದು. ನನಗೆ ಸಾಣೆಕಲ್ಲಿಗೆ ಉಜ್ಜಿದ್ದು! ಈ ಮನೇಲಿ ಇಷ್ಟು ವರ್ಷ ಇದ್ದದ್ದಕ್ಕೆ ಒಳ್ಳೇ ಮರ್ಯಾದೆ ಮಾಡ್ದೆ ಕಣೇ."

ಬುರುಲ್ ಆವರೆಗೆ ತಲೆ ತಗ್ಗಿಸಿ ಕೂತಿದ್ದಳು. ಕೈಯಲ್ಲಿದ್ದ ಒಡೆದ ಬಟ್ಟಲನ್ನು ಮೇಜಿನ ಮೇಲಿಟ್ಟು, ಅದರ ಅಂಚಿನ ಕಡೆ ಬೆರಳು ತೋರಿಸಿದಳು.

"ನೀವೇ ಅಲ್ವಾ ಅಪಾ ಕಲಿಸಿದ್ದು? ಒಳ್ಳೇದು ಬಂದವರಿಗೆ, ನಮ್ಮೋರಿಗೆ ಯಾವುದಾದ್ರೂ ನಡೆಯತ್ತೆ ಅಂತ."

ಬುರುಲ್ ಹಾಗೆ ತಿರುಗಿ ಉತ್ತರ ಕೊಟ್ಟದ್ದು ಆ ಮನೆಗೆ ಸೊಸೆಯಾಗಿ ಬಂದಮೇಲೆ ಇದೇ ಮೊದಲು. 

"ಟೀ ವಿಷಯ ಹೇಳಿದ್ದು ಕಣೇ ನಾನು," ಎಂದಳು ಅಪಾ. "ಹಲ್ಲಿನ ವಿಷಯ ಹೇಳಿದ್ನಾ?" ಎದ್ದು ತನ್ನ ಕೋಣೆಗೆ ಹೋದಳು. ಅಂದು ಊಟಕ್ಕೂ ಬರಲಿಲ್ಲ.

ಬೆಳಿಗ್ಗೆ ಬುರುಲ್ ಮುಂದಿನ ಕೋಣೆಯ ಬಾಗಿಲು ತೆರೆದಾಗ ಅಪಾ ಆಗಲೇ ಕುರ್ಚಿಯಲ್ಲಿ ಕೂತಿದ್ದಳು. ತಲೆಗೆ ಬಿಳಿ ವಸ್ತ್ರ ಬಿಗಿಯಾಗಿ ಕಟ್ಟಿದ್ದಳು. ತೊಡೆಯ ಮೇಲೆ ತಾನೇ ಹೊಲಿದ ಉಣ್ಣೆಯ ಚೀಲ.

"ಬಿಚ್ಚು," ಎಂದಳು. "ಅವಳ ಮುಂದೆ ಹೆಂಗೆ ಹರಿದ್ಯೋ ಹಂಗೇ ಹರಿ. ನನಗೂ ಸದ್ದು ಕೇಳ್ಬೇಕು."

ಬುರುಲ್ ಉಳಿದಿದ್ದ ಪೊಟ್ಟಣವನ್ನು ಹರಿದಳು. ಅಪಾ ಕಣ್ಣು ಮುಚ್ಚಿ ಕೇಳಿಸಿಕೊಂಡು ಬಾಯಿ ತೆರೆದಳು.

ಬೂದು ಹಿಡಿಯ ಅರದ ತುದಿಯನ್ನು ಬುರುಲ್ ಚಿಮುಟದಿಂದ ಒಂದಿಷ್ಟೇ ಬಗ್ಗಿಸಿದಳು. ಬೇರಿನ ದಾರಿ ಪೂರ್ತಿ ದುಂಡಗಿರುವುದಿಲ್ಲ. ದುಂಡಗಿನ ಚೂರು ಕೂತ ಕಡೆ ಎಲ್ಲಾದರೂ ಒಂದು ಪಕ್ಕ ಸಂದು ಇರಲೇಬೇಕು. ಆ ಸಂದನ್ನು ಕಣ್ಣಿಂದ ಹುಡುಕುವ ಹಾಗಿಲ್ಲ. ಅರವನ್ನು ಇಳಿಸಿ, ಚೂರಿಗೆ ತಾಗಿಸಿ, ಒಂದು ಕೂದಲಿನಷ್ಟು ತಿರುಗಿಸಿ ಮತ್ತೆ ತಾಗಿಸಿದಳು. ಉಕ್ಕಿಗೆ ಉಕ್ಕು ತಾಗಿದರೆ ಬೆರಳಿಗೆ ಒಂದು ಬಗೆ ಗಡಸು. ಹಲ್ಲಿಗೆ ತಾಗಿದರೆ ಇನ್ನೊಂದು ಬಗೆ. ಸುತ್ತಲೂ ಗಡಸೇ ಸಿಕ್ಕಿತು. ಅರ ಬಾಗಿತು. ಅದನ್ನು ನೋಡಿ, ಒಂದು ಕ್ಷಣವೂ ಯೋಚಿಸದೆ ಕಸದ ಡಬ್ಬಿಗೆ ಹಾಕಿದಳು. ಇನ್ನೊಂದು ತೆಗೆದಳು. ಅದೂ ಬಾಗಿತು, ಅದನ್ನೂ ಹಾಕಿದಳು. ಡಬ್ಬಿಗೆ ಬೀಳುವ ಪ್ರತಿ ಸದ್ದಿಗೂ ಅಪಾಳ ಹುಬ್ಬು ಮೇಲೇರುತ್ತಿತ್ತು. ಹೊಸದನ್ನು ಎಸೆಯುವುದನ್ನು ನೋಡಿ ಅವಳಿಗೂ ಅಭ್ಯಾಸವಿರಲಿಲ್ಲ.

ಹೊರಗೆ ಯಾರೋ "ಅಕ್ಕಾ, ಇದ್ದೀರಾ?" ಎಂದು ಬಾಗಿಲು ತಟ್ಟಿದರು. ಜಾಂಗಿಲ್ ಅವರನ್ನು ಮಧ್ಯಾಹ್ನ ಬನ್ನಿರೆಂದು ಕಳಿಸಿದಳು.

ಹೊಸ ಅರ ಚೂರಿನ ಹಿಂಬದಿಯಲ್ಲಿ, ನಾಲಿಗೆಯ ಕಡೆಯ ಗೋಡೆಗೆ ಆತುಕೊಂಡು, ಒಂದೇ ಒಂದು ಸಲ ತಡೆದು ನಿಂತಿತು. ಅದು ಅಡ್ಡ ಬಂದದ್ದರ ತಡೆಯಲ್ಲ. ಯಾರೋ ಮೆಲ್ಲಗೆ ತುದಿ ಹಿಡಿದುಕೊಂಡಂತಿತ್ತು. ಬುರುಲ್ ಒತ್ತಲಿಲ್ಲ. ಕಾಲು ಸುತ್ತಲ್ಲ, ಅದರ ಅರ್ಧವೂ ಅಲ್ಲ. ಅತ್ತ ಇತ್ತ ಅಲುಗಾಡಿಸಿದಳು. ಅರ ಒಂದಿಷ್ಟು ಇಳಿಯಿತು. ಇನ್ನೊಂದಿಷ್ಟು. ಆಮೇಲೆ ಮೆತ್ತಗಿನದೇನೋ ಸಿಕ್ಕಿ, ತುದಿಯವರೆಗೂ ಹೋಯಿತು. ಎಕ್ಸ್‌ರೇಯಲ್ಲಿ ಎರಡು ಬಿಳಿ ಎಳೆಗಳು ಪಕ್ಕಪಕ್ಕದಲ್ಲಿ ಕಂಡವು: ಒಂದು ಮೋಟು, ಒಂದು ಉದ್ದ.

ಕೊಳೆಯನ್ನೆಲ್ಲ ತೊಳೆದು, ಔಷಧಿ ತುಂಬಿ, ಸದ್ಯಕ್ಕೆ ಮುಚ್ಚುವ ಹೊತ್ತಿಗೆ ಬಿಸಿಲು ಕಿಟಕಿ ದಾಟಿತ್ತು.

"ತೆಗೆದ್ಯಾ?" ಎಂದಳು ಅಪಾ.

"ಇಲ್ಲ. ಅಲ್ಲೇ ಇದೆ. ಪಕ್ಕದಿಂದ ದಾರಿ ಆಯ್ತು. ಇನ್ನು ಅದು ಇದ್ರೂ ತೊಂದ್ರೆ ಇಲ್ಲ."

"ಇರತ್ತಾ, ಯಾವಾಗ್ಲೂ?"

"ಯಾವಾಗ್ಲೂ."

ಅಪಾ ಕನ್ನಡಿಯಲ್ಲಿ ಹಲ್ಲು ನೋಡಿಕೊಂಡಳು. "ಶನಿವಾರ?"

"ತುಟಿ ಇಳಿದ್ರೆ ನುಡಿಸಿ. ಮೆಲ್ಲಗೆ. ಹಲ್ಲಿಗೆ ಬಿಗಿಯಾಗಿ ಒತ್ತಬೇಡಿ."

ತುಟಿ ಇಳಿಯಿತು. ಶನಿವಾರ ಬಾಲಿಕ್ಚಿಯವರು ಎರಡು ಕಾರುಗಳಲ್ಲಿ ಬಂದರು. ಬಾತ್ಮಾ ಬಾಗಿಲಿಗೆ ಎದುರಾದ ಗೌರವದ ಜಾಗದಲ್ಲಿ ಕೂತು, ನೀಲಿ ಬಟ್ಟಲಲ್ಲಿ ಟೀ ಕುಡಿದು, ತನ್ನ ದವಡೆ ಹಲ್ಲಿನ ಕಥೆಯನ್ನು ಬೀಗರೆಲ್ಲರಿಗೂ ಮತ್ತೊಮ್ಮೆ ಹೇಳಿದಳು. ಹೊರಡುವ ಹೊತ್ತಾಯಿತು. ಜಾಂಗಿಲ್ ಬಾಗಿಲಿಗೆ ಬಂದಳು. ಹೆಂಗಸರ ಅಳು ಶುರುವಾಯಿತು. ಅಪಾ ಹೊಸಿಲ ಪಕ್ಕ ನಿಂತು ತೆಮಿರ್ ಕೊಮುಜ್ ಅನ್ನು ತುಟಿಗಿಟ್ಟಳು.

ಮೊದಲು ಮೆಲ್ಲಗೇ ಮೀಟಿದಳು. ನಾದ ಒಳಗೊಳಗೇ ಗುಂಯ್‌ಗುಟ್ಟಿತು. ಜಾಂಗಿಲ್ ಅವಳ ಹೆಗಲಿಗೆ ಹಣೆ ಇಟ್ಟ ಮೇಲೆ ಅಪಾ ಸೊಸೆಯ ಎಚ್ಚರಿಕೆಯನ್ನು ಮರೆತಳೋ, ಬೇಡವೆಂದು ಬಿಟ್ಟಳೋ; ಚೌಕಟ್ಟನ್ನು ಹಲ್ಲಿಗೆ ಒತ್ತಿ ಹಿಡಿದು ಬೆರಳು ಜೋರಾಗಿ ಬೀಸಿದಳು. ಅಂಗಳದಲ್ಲಿದ್ದ ಗಂಡಸರೂ ಬಾಗಿಲ ಕಡೆ ತಿರುಗಿದರು. ತಾಯಿಯಾದವಳು ಮಗಳನ್ನು ನೋಡಬೇಕಾದ ಆ ಹೊತ್ತಿನಲ್ಲಿ ಬುರುಲ್ ಅತ್ತೆಯ ಮೇಲಿನ ಮುಂದಿನ ಹಲ್ಲನ್ನೇ ನೋಡುತ್ತಿದ್ದಳು. ಅದು ಅಲ್ಲಾಡಲಿಲ್ಲ. ಮಗಳು ಹೊಸಿಲು ದಾಟಿದ್ದು ಅವಳಿಗೆ ಗೊತ್ತಾದದ್ದು ಕಾರಿನ ಬಾಗಿಲು ಹಾಕಿದ ಸದ್ದಿಗೆ.

"ಏನು ಜೋರಾಗಿ ನುಡಿಸ್ತೀರಿ ಬೀಗಿತ್ತೀ!" ಎಂದು ಬಾತ್ಮಾ ಅಪಾಳನ್ನು ತಬ್ಬಿಕೊಂಡಳು. "ಹಲ್ಲು ಪೂರ್ತಿ ವಾಸಿಯಾಯ್ತು ಅನ್ನಿ. ನಿಮಗೂ ಹೊಸ ಸೂಜೀನೇ ತಾನೆ?"

"ನನಗೆ ಎರಡೂ," ಎಂದಳು ಅಪಾ. "ಹೊಸದು ಹೋಗಿ ಬಂತು. ಹಳೇದು ಒಳಗೇ ಉಳೀತು. ನಿಮ್ಮ ಹಲ್ಲಲ್ಲಿ ಏನಿದೆ, ಬರೀ ತುಂಬಿಸಿದ ಗೋಂದು. ನನ್ನದ್ರಲ್ಲಿ ನಮ್ಮನೆ ಉಕ್ಕಿದೆ."

ಬಾತ್ಮಾಗೆ ಅರ್ಥವಾಗಲಿಲ್ಲ. ಕೇಳಲು ಹೊತ್ತೂ ಇರಲಿಲ್ಲ, ಕಾರುಗಳು ಹೊರಟವು.

ಅಂಗಳ ಖಾಲಿಯಾಯಿತು. ಬುರುಲ್ ನೀಲಿ ಬಟ್ಟಲುಗಳನ್ನು ತೊಳೆದು ಒರೆಸಿದಳು. ಅದರಲ್ಲೊಂದನ್ನು ಬೀರುವಿಗೆ ಇಡದೆ, ಟೀ ಬಗ್ಗಿಸಿ ಅತ್ತೆಯ ಮುಂದಿಟ್ಟಳು.

"ಇದ್ಯಾಕೆ ಹೊರಗೆ ಬಂತು?" ಎಂದಳು ಅಪಾ. "ಒಳಗಿಡು. ಒಡೆದು ಹೋದ್ರೆ ಜಾಂಗಿಲ್‌ಗೆ ಮಗು ಹುಟ್ಟಿದಾಗ ಬೀಗರು ಬಂದ್ರೆ ಯಾತರಲ್ಲಿ ಕೊಡ್ತೀಯ?"

"ನೀವೇ ಅಲ್ವಾ ಮೊನ್ನೆ..."

"ಮೊನ್ನೆ ಹಲ್ಲಿನ ಮಾತಾಡ್ದೆ. ಇದು ಟೀ."

ಬುರುಲ್ ಟೀಯನ್ನು ಒಡೆದ ಬಟ್ಟಲಿಗೆ ಸುರಿದಳು. ಅಪಾ ತೃಪ್ತಿಯಿಂದ 'ಸೊರ್ರ್' ಎಂದು ಹೀರಿದಳು.

ಸೋಮವಾರ ಬೆಳಿಗ್ಗೆ ಬುರುಲ್ ದಿನದ ಡಬ್ಬಿಯ ಅರಗಳನ್ನೆಲ್ಲ ಒಂದೊಂದಾಗಿ ದೀಪಕ್ಕೆ ಹಿಡಿದು ನೋಡಿದಳು. ಹೊಳಪು ಕಂಡವನ್ನು ಎಸೆದಳು. ಕೊನೆಗೆ ಡಬ್ಬಿಯಲ್ಲಿ ಹೆಚ್ಚೇನೂ ಉಳಿಯಲಿಲ್ಲ. ಬೀರುವಿನಲ್ಲಿದ್ದ, ಬಾತ್ಮಾಳಿಗೆ ಬಳಸಿದ್ದ ಅರಗಳನ್ನು ತಂದು ಅದಕ್ಕೆ ಸೇರಿಸಿದಳು. ಖಾಲಿಯಾದ ಉಣ್ಣೆಯ ಚೀಲವನ್ನು ಕುರ್ಚಿಯ ಪಕ್ಕದ ಮೊಳೆಗೆ ನೇತುಹಾಕಿ, ಬಿಷ್ಕೆಕ್‌ನ ಶಿಷ್ಯೆಗೆ ಫೋನು ಮಾಡಿ ಇನ್ನಷ್ಟು ಅರಗಳನ್ನು ಕಳಿಸಲು ಹೇಳಿದಳು. ಆಮೇಲೆ ಬಾಗಿಲು ತೆರೆದು, ಹೊರಗೆ ಕೆನ್ನೆ ಹಿಡಿದು ನಿಂತಿದ್ದ ಪಕ್ಕದ ಮನೆಯ ಹೆಂಗಸನ್ನು ಒಳಗೆ ಕರೆದಳು.